ಜಿನ್ನಪ್ಪ ಕಾಕಾನ ಸಮುದ್ರದ ದಾರಿ

ಜಿನ್ನಪ್ಪ ಕಾಕಾ ಮೋಟಾರ್‌ಸೈಕಲ್ ಓಡಿಸಿದ್ದಕ್ಕಿಂತ ಅದರ ಮೇಲೆ ಸುಮ್ಮನೆ ಕೂತದ್ದೇ ಹೆಚ್ಚು. ಬನಹಟ್ಟಿಯ ಅವರ ಸೀರೆ ಅಂಗಡಿಯ ಪಡಸಾಲೆಯಲ್ಲಿ ಕಪ್ಪು ಬಣ್ಣದ ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿರುತ್ತಿತ್ತು. ಮಧ್ಯಾಹ್ನ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚುತ್ತಿದ್ದಂತೆ ಕಾಕಾ ಗಾದಿಯಿಂದ ಎದ್ದು, ಗಾಂಧಿ ಟೊಪ್ಪಿಗೆಯನ್ನು ಮಡಚಿ ನೆಹರೂ ಶರ್ಟಿನ ಕಿಸೆಗೆ ಸೇರಿಸಿ, ತಲೆಗೆ ಹೆಲ್ಮೆಟ್ ಏರಿಸಿ, ಗಾಡಿಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂಡುತ್ತಿದ್ದರು. ಹ್ಯಾಂಡಲ್ ಹಿಡಿದು ಎದುರಿನ ಗೋಡೆಯನ್ನೇ ದಿಟ್ಟಿಸುವರು. ಆ ಗೋಡೆಗೆ ಹಳದಿ ಸುಣ್ಣ ಬಳಿದದ್ದು ಬಿಟ್ಟರೆ ನೋಡುವಂಥದ್ದೇನೂ ಇರಲಿಲ್ಲ.

ಮೊದಲ ಸಲ ಇದನ್ನು ಕಂಡಾಗ ನಾನು ಗಾಬರಿಯಾಗಿ, "ಕಾಕಾ, ಎಲ್ಲಿಗಾದರೂ ಹೊರಟಿದ್ದೀರೇನು?" ಎಂದು ಕೇಳಿದ್ದೆ.

"ಇಲ್ರೀ ಮಾಸ್ತರ. ಕುಂದ್ರೂ ತಾಲೀಮ ಮಾಡಾಕತ್ತೇನಿ," ಎಂದರು ಹೆಲ್ಮೆಟ್ಟಿನ ಒಳಗಿಂದ. "ಓಡ್ಸೂದು ಯಾರಿಗರ ಬರತೈತಿ. ದಿನಾ ಪೂರ್ತಿ ನಡಾ ಬಗ್ಗಸದಂಗ ಕುಂದ್ರೂದೈತಲ್ಲ, ಅದು ಕಲೀಬೇಕು. ಸಮುದ್ರದ ತನಾ ಹೋಗೂದೈತಿ."

ನಾನು ಜಮಖಂಡಿಯವನು. ಬನಹಟ್ಟಿಯ ಕಾಲೇಜಿನಲ್ಲಿ ಭೂಗೋಳ ಕಲಿಸುವ ಕೆಲಸ ಸಿಕ್ಕಾಗ ಪಕ್ಕದ ರಬಕವಿಯಲ್ಲಿ ಕಾಕಾನ ಮನೆಯ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಕೋಣೆ ಕೇಳಲು ಹೋದ ದಿನ ಅವರು ನನ್ನ ಜಾತಿ, ಊರು, ಮದುವೆ ಯಾವುದನ್ನೂ ವಿಚಾರಿಸಲಿಲ್ಲ. ಏನು ಕಲಿಸುತ್ತೀರಿ ಎಂದು ಕೇಳಿದರು. ಭೂಗೋಳ ಎಂದೆ. ಅವರ ಮುಖ ಅರಳಿತು. ಒಳಗಿದ್ದ ಹೆಂಡತಿಯ ಕಡೆ ತಿರುಗಿ, "ಚಂಪಾ, ಚಹಾ ತಾ. ಭೂಗೋಳದ ಮಾಸ್ತರ ಬಂದಾರ," ಎಂದು ಕೂಗಿದರು. ನಕಾಶೆ ಕಂಡರೆ ಬೆವರುವ ಭೂಗೋಳದ ಮಾಸ್ತರರೂ ಇರುತ್ತಾರೆಂದು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಕಾಕಾ ಆಗಲೇ ಅರವತ್ತು ದಾಟಿದ್ದರು. ತೇರದಾಳದ ಕಡೆಯ ಜೈನ ಮನೆತನ. ಬನಹಟ್ಟಿಯ ಮಗ್ಗಗಳಲ್ಲಿ ನೇಯ್ದ ಸೀರೆಗಳನ್ನು ಗಂಟು ಕಟ್ಟಿಕೊಂಡು ಸೊಲ್ಲಾಪುರ, ಕೊಲ್ಹಾಪುರ, ಪುಣೆ, ಮುಂಬಯಿ ಎಂದು ಹರೆಯದಿಂದಲೂ ತಿರುಗಿದ ಮನುಷ್ಯ. ಸಂಜೆ ಬಸ್ಸು ಹತ್ತುವುದು, ಗಂಟಿನ ಮೇಲೆ ತಲೆ ಇಟ್ಟು ಮಲಗುವುದು, ಬೆಳಿಗ್ಗೆ ಪೇಟೆಯಲ್ಲಿ ಇಳಿಯುವುದು, ವ್ಯಾಪಾರ ಮುಗಿಸಿ ಮತ್ತೆ ಸಂಜೆಯ ಬಸ್ಸು. ಇದೇ ಅವರ ಆಯುಷ್ಯ.

"ಊರ ಭಾಳ ನೋಡೇನ್ರಿ ಮಾಸ್ತರ, ದಾರಿ ನೋಡಿಲ್ಲ," ಎನ್ನುತ್ತಿದ್ದರು. "ದಾರಿ ತುಂಬ ನಿದ್ದಿ ಮಾಡೇನಿ. ಮುಂಬಯಿಗೆ ಎಷ್ಟ ಸಲ ಹೋಗೇನಿ, ಲೆಕ್ಕ ಇಲ್ಲ. ಸಮುದ್ರ ಎಲ್ಲೈತಿ ಅಂತ ಕೇಳಿದ್ರ ಇವತ್ತಿಗೂ ಗೊತ್ತಿಲ್ಲ. ಪ್ಯಾಟಿ ಬಿಟ್ಟು ಆ ಕಡೆ ಹೊಳ್ಳಿ ನೋಡಲಿಲ್ಲ."

ಅದಕ್ಕೇ ಅಂಗಡಿಯ ಭಾರವನ್ನು ಅಳಿಯನ ಕೈಗೆ ಕೊಟ್ಟ ಮೇಲೆ ಅವರು ಮಾಡಿದ ಮೊದಲ ಕೆಲಸ ಮೋಟಾರ್‌ಸೈಕಲ್ ಕೊಂಡದ್ದು. ಎರಡನೆಯ ಕೆಲಸ, ಅದರ ಮೇಲೆ ಎಲ್ಲಿಗೆ ಹೋಗಬೇಕೆಂದು ವಿಚಾರ ಮಾಡಿದ್ದು. ಆ ವಿಚಾರ ವರ್ಷಗಟ್ಟಲೆ ನಡೆಯಿತು.

ವಿಚಾರಕ್ಕೆ ಜೊತೆಗಾರರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ದಾವಲಮಾಮಾ, ಕಾಕಾನ ಕನ್ನಡ ಶಾಲೆಯ ಗೆಳೆಯ, ಓಣಿಯ ಮಗ್ಗಗಳನ್ನೆಲ್ಲ ರಿಪೇರಿ ಮಾಡುವ ಫಿಟ್ಟರ್. ಊರೆಲ್ಲ 'ಸಾವ್ಕಾರ್ರ' ಎಂದು ಕರೆಯುವ ಕಾಕಾನನ್ನು 'ಲೇ ಜಿನ್ಯಾ' ಎನ್ನುವ ಹಕ್ಕು ಅವರೊಬ್ಬರಿಗೇ ಇತ್ತು. ಕರೆಂಟು ಹೋದಾಗ ಮಾಮಾನಿಗೆ ಕೆಲಸವಿಲ್ಲ, ಕಾಲೇಜು ಬಿಟ್ಟ ಮೇಲೆ ನನಗೂ ಕೆಲಸವಿಲ್ಲ. ಅಂಗಡಿಯ ಗಾದಿಯ ಮೇಲೆ ಸಭೆ ಸೇರುತ್ತಿತ್ತು.

ಕಾಕಾ ನಕಾಶೆ ಬಿಡಿಸುತ್ತಿದ್ದ ರೀತಿಯೇ ಬೇರೆ. ಕಪಾಟಿನಿಂದ ಒಂದು ನೀಲಿ ಸೀರೆ ತೆಗೆದು ಗಾದಿಯ ಉದ್ದಕ್ಕೂ ಹಾಸುವರು. ಸೀರೆಯ ಅಂಚಿಗೆ ಕೆಂಪು ದಡಿ. "ಈ ಒಡಲು ಅಂದ್ರ ಸಮುದ್ರ. ಈ ದಡಿ ಅಂದ್ರ ಸಮುದ್ರದ ದಂಡಿ. ನಾವು ದಡಿ ಹಿಡದು ಹೊಂಟಿರತೇವಿ," ಎಂದು ದಡಿಯ ಮೇಲೆ ಕೈಯಾಡಿಸುವರು. ನೂಲು ಸುತ್ತಿದ ಕಂಡಿಕೆಗಳನ್ನು ಒಂದೊಂದಾಗಿ ಇಟ್ಟು ಊರು ಮಾಡುವರು. ಇದು ವೆಂಗುರ್ಲಾ, ಇದು ಮಾಲವಣ, ಇದು ದೇವಗಡ. ನಿಪ್ಪಾಣಿ ದಾಟಿ ಆಂಬೋಲಿ ಘಾಟ ಇಳಿದು ದಡಿಗೆ ಹತ್ತಬೇಕು, ದಡಿ ಮುಗಿಯಿತೆಂದರೆ ಗಗನಬಾವಡಾ ಘಾಟ ಏರಿ ಕೊಲ್ಹಾಪುರದ ಮೇಲೆ ಹಾಯ್ದು ಮನೆ. ಘಾಟ ಎಲ್ಲಿ ಎಂದು ನಾನು ಕೇಳಿದರೆ ಸೀರೆಯ ಕೆಳಗೆ ಲೋಡು ತೂರಿಸಿ ಎತ್ತರ ಮಾಡುತ್ತಿದ್ದರು.

ಒಂದು ದಿನ ಹೀಗೆ ಮಾಲವಣದಲ್ಲಿ ವಸ್ತಿ ಎಲ್ಲಿ ಎಂಬ ವಾದ ಜೋರಾಗಿದ್ದಾಗ ಬೀಳಗಿ ಕಡೆಯ ಮದುವೆ ಮನೆಯವರು ಜವಳಿಗೆ ಬಂದರು. ಅಜ್ಜಿಯೊಬ್ಬಳು ಕಪಾಟಿನ ಕಡೆ ಕಣ್ಣೆತ್ತಿಯೂ ನೋಡದೆ ನೇರವಾಗಿ ನಮ್ಮ ಸಮುದ್ರದ ಮೇಲೆ ಬೆರಳಿಟ್ಟು, "ಇದನ್ನ ಕೊಡಪಾ," ಎಂದಳು. ಕಾಕಾ ಬೇರೆ ನೀಲಿ ಸೀರೆ ತೋರಿಸಿದರು. ಹಸಿರು ತೋರಿಸಿದರು. ಅಜ್ಜಿ ಕೇಳಲಿಲ್ಲ. ಕೊನೆಗೆ ಕಂಡಿಕೆಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಸೀರೆ ಮಡಚಿ ಕೊಟ್ಟು, ನಮ್ಮ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು.

"ಮಾಲವಣ ಮಾರಾಟಾತ್ರಿ ಮಾಸ್ತರ."

"ಮಾರವಾಡಿ ಆಗಬೇಕಿತ್ತಲೇ ನೀ, ಸಮುದ್ರಾನೂ ಬಿಡಲಿಲ್ಲ," ಎಂದು ದಾವಲಮಾಮಾ ಹೊಟ್ಟೆ ಹಿಡಿದು ನಕ್ಕರು.

ದಾರಿ ಗೊತ್ತಾಗಿತ್ತು, ತಿಂಗಳು ಗೊತ್ತಾಗುತ್ತಿರಲಿಲ್ಲ. ಮಳೆಗಾಲದಲ್ಲಿ ಘಾಟ ನೋಡಲು ಚೆಂದ, ಆದರೆ ಮಣ್ಣು ಕುಸಿಯುತ್ತದೆ. ಭಾದ್ರಪದದಲ್ಲಿ ದಶಲಕ್ಷಣ ಪರ್ವ, ಕಾಕಾನ ಉಪವಾಸ. ದಸರೆಯಿಂದ ದೀಪಾವಳಿಯವರೆಗೆ ಅಂಗಡಿಯಲ್ಲಿ ಅಳಿಯನೊಬ್ಬನ ಕೈ ಸಾಲದು. ದೀಪಾವಳಿ ಆಯಿತೆಂದರೆ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಜೋಡಿಸಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ರಸ್ತೆ ತುಂಬ ತೂರಾಡುತ್ತಿರುತ್ತವೆ. ಅದು ಮುಗಿಯಿತೆಂದರೆ ಲಗ್ನಸರಾಯಿ. ಆಮೇಲೆ ಬಿಸಿಲು.

"ಹನ್ನೆರಡು ತಿಂಗಳದಾಗ ಆಗೂದಿಲ್ಲಲೇ ಇದು," ಎಂದರು ದಾವಲಮಾಮಾ. "ನೀ ಹದಿಮೂರನೇದು ಎಲ್ಲರ ಐತೇನು ನೋಡು."

"ಹುಡುಕತೇನಿ," ಎಂದರು ಕಾಕಾ, ತಮಾಷೆಯ ಸುಳಿವೂ ಇಲ್ಲದೆ.

ಇದೆಲ್ಲದರ ಮೇಲೆ ಊಟದ ಪ್ರಶ್ನೆ. ಕಾಕಾ ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗಿಡುವವರಲ್ಲ. ನೀರು ಸೋಸಿಯೇ ಕುಡಿಯಬೇಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆ ನಡೆಯದು. ಇಂಥವರು ಹೊರಟದ್ದು ಕೊಂಕಣಕ್ಕೆ, ಅಲ್ಲಿ ಹೋಟೆಲಿನ ಬಾಗಿಲಿಗೇ ಮೀನು ನೇತು ಹಾಕಿರುತ್ತಾರೆ. ದಾವಲಮಾಮಾನಿಗೆ ಆ ಸವಾರಿಯಲ್ಲಿ ಕಾಣುತ್ತಿದ್ದದ್ದು ಮೀನೊಂದೇ. ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚ. ಅದನ್ನರಿತು ಕಾಕಾನೇ ಒಂದು ದಿನ ಹೇಳಿದರು:

"ನಿನ್ನ ಮೀನ ನೀ ತಿನ್ನಲೇ ದಾವಲ್ಯಾ. ನಾ ಸಮುದ್ರ ನೋಡತೇನಿ. ಇಬ್ಬರಿಗೂ ಒಂದೊಂದು ಸಿಕ್ಕಂಗಾತು."

ಹೀಗೆ ಮಾತಿನಲ್ಲೇ ಕಾಲ ಹೋಗುತ್ತಿರಲು, ಒಂದು ಚಳಿಗಾಲದಲ್ಲಿ ದಾವಲಮಾಮಾನಿಗೆ ಸಿಟ್ಟು ಬಂದು, ಸಮುದ್ರ ಹಾಳಾಗಿ ಹೋಗಲಿ, ಮೊದಲು ನಮ್ಮ ಜಿಲ್ಲೆಯನ್ನಾದರೂ ಒಂದು ಸುತ್ತು ಹಾಕೋಣ ಎಂದರು. ಕಾಕಾ ಅದಕ್ಕೆ 'ಟ್ರಾಯಲ್' ಎಂದು ಹೆಸರಿಟ್ಟರು. ಬನಹಟ್ಟಿಯಿಂದ ಜಮಖಂಡಿ, ಅಲ್ಲಿಂದ ಬೀಳಗಿ, ಅನಗವಾಡಿಯಲ್ಲಿ ಹೊಳೆ ನೋಡುವುದು, ಲೋಕಾಪುರದ ಮೇಲೆ ಮುಧೋಳ, ಹೊತ್ತು ಮುಳುಗುವುದರೊಳಗೆ ಮನೆ. ಕಾಕಾ ತಮ್ಮ ಗಾಡಿಯ ಮೇಲೆ, ನಾನು ನನ್ನದರ ಮೇಲೆ, ನನ್ನ ಹಿಂದೆ ದಾವಲಮಾಮಾ.

ಅಷ್ಟು ನಿಧಾನವಾಗಿ ಗಾಡಿ ಹೊಡೆಯುವವರನ್ನು ನಾನು ನೋಡಿಲ್ಲ. ಜಮಖಂಡಿ ದಾಟುವುದರೊಳಗೆ ಸೈಕಲ್ಲಿನವನೊಬ್ಬ ನಮ್ಮ ಜೊತೆ ಮಾತಾಡುತ್ತ ಬಂದ. ಅನಗವಾಡಿಯ ಸೇತುವೆಯ ಮೇಲೆ ಕಾಕಾ ಗಾಡಿ ನಿಲ್ಲಿಸಿ ಹಿನ್ನೀರನ್ನು ಎಷ್ಟೋ ಹೊತ್ತು ನೋಡಿದರು. "ಇದ ಇಷ್ಟೈತಿ, ಅದು ಎಷ್ಟಿರಬೇಕು!" ಎಂದದ್ದು ಅಷ್ಟೇ. ತಿಮ್ಮಾಪುರದ ಹತ್ತಿರ ಜೋಳದ ಹೊಲದಿಂದ ಒಂದು ಮುಧೋಳ ನಾಯಿ ಹಾರಿ ಬಂತು. ಉದ್ದ ಮೂತಿ, ಒಳಕ್ಕೆ ಸೇದಿಕೊಂಡ ಹೊಟ್ಟೆ. ಬೊಗಳಲಿಲ್ಲ, ಅಟ್ಟಿಸಿಕೊಂಡೂ ಬರಲಿಲ್ಲ. ಕಾಕಾನ ಗಾಡಿಯ ಪಕ್ಕದಲ್ಲೇ ಸ್ವಲ್ಪ ದೂರ ಓಡಿ, ಅವರ ಮುಖ ನೋಡಿ, ಮುಂದೆ ಹೋಗಿ ರಸ್ತೆಯ ಬದಿಗೆ ನಿಂತುಕೊಂಡಿತು. ನಾವು ಅಲ್ಲಿಗೆ ತಲುಪಿದ ಮೇಲೆ ಮತ್ತೆ ಓಡಿ ಮುಂದೆ ನಿಂತಿತು.

"ನಮಗ ಕಾಯಾಕತ್ತೈತಿ ನೋಡ್ರಿ ಮಾಸ್ತರ," ಎಂದು ಕಾಕಾ ಕೂಗಿದರು. "ಪಾಪ, ಬ್ಯಾಸರಾತಂತ ಕಾಣತೈತಿ ಅದಕ್ಕ."

ನಗುತ್ತಲೇ ಮುಧೋಳ ದಾಟಿದೆವು. ಮಹಾಲಿಂಗಪುರದ ಆಚೆ ಆ ನಗು ನಿಂತಿತು. ಎಡಗಡೆಯ ಹೊಲದ ದಾರಿಯಿಂದ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಗೆ ಏರುತ್ತಿತ್ತು. ಹಾಡಿನ ಅಬ್ಬರ ಎಲ್ಲ ಕಡೆ ಕೇಳುತ್ತಿತ್ತು, ಟ್ರೇಲರಿನ ಮೇಲೆ ಮನೆಯೆತ್ತರಕ್ಕೆ ಕಬ್ಬು. ನಾನು ದೂರದಿಂದಲೇ ಗಾಡಿ ನಿಧಾನ ಮಾಡಿದೆ. ಕಾಕಾ ಮಾಡಲಿಲ್ಲ. ನೇರ ನೋಡಿಕೊಂಡು ಅದೇ ಗತಿಯಲ್ಲಿ ಹೋಗುತ್ತಲೇ ಇದ್ದರು. ನಾನು ಹಾರ್ನ್ ಹೊಡೆದೆ. ನನ್ನ ಹಿಂದಿನಿಂದ ದಾವಲಮಾಮಾ, "ಲೇ ಜಿನ್ಯಾ!" ಎಂದು ಕಿವಿ ಹರಿಯುವಂತೆ ಚೀರಿದರು. ಟ್ರ್ಯಾಕ್ಟರಿನವ ಬ್ರೇಕು ಒತ್ತಿದ. ಕಬ್ಬಿನ ಗರಿಗಳು ಕಾಕಾನ ಎಡಭುಜಕ್ಕೆ ಉಜ್ಜಿ ಹೋದವು. ಅವರು ಗಾಡಿ ನಿಲ್ಲಿಸಿ, ಕಾಲೂರಿ, ಸುತ್ತ ನೋಡಿದರು.

"ಇದು ಎಲ್ಲಿಂದ ಬಂತಲೇ?"

ಉಳಿದ ದಾರಿಯಲ್ಲಿ ದಾವಲಮಾಮಾ ಕಾಕಾನ ಎಡಕ್ಕೇ ಗಾಡಿ ಇಟ್ಟುಕೊಂಡು ಹೋಗುವಂತೆ ನನ್ನ ಬೆನ್ನಿಗೆ ತಿವಿಯುತ್ತಿದ್ದರು. ಮನೆ ಮುಟ್ಟುವುದರೊಳಗೆ ಹೊತ್ತು ಮುಳುಗಿತ್ತು. ಕಾಕಾ ಆ ದಿನ ಉಣ್ಣಲಿಲ್ಲ, ಅದಕ್ಕೆ ಬೇಸರವನ್ನೂ ಪಡಲಿಲ್ಲ.

ಮರುದಿನ ಬೆಳಿಗ್ಗೆ ಚಂಪಾ ಕಾಕಿ ಮಾಳಿಗೆಗೆ ಬಂದರು. ಕಾಕಿ ಮಿತಭಾಷಿ. ಅವರು ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದದ್ದು ಅದೇ ಮೊದಲು.

"ನಿನ್ನೆ ಏನಾತು ಖರೆ ಹೇಳ್ರಿ ಮಾಸ್ತರ."

ಹೇಳಿದೆ. ಕಾಕಿ ಬಾಗಿಲ ಚೌಕಟ್ಟಿಗೆ ಆತು ನಿಂತು ಕೇಳಿಸಿಕೊಂಡರು.

"ನನಗ ಗೊತ್ತಿತ್ತು. ತಾಟಿನ ಎಡಕ್ಕ ಬಡಸಿದ ಚಟ್ನಿ ಹಂಗ ಉಳ್ಯಾಕತ್ತೈತಿ. ಯಾಕ ತಿನ್ನಲಿಲ್ಲ ಅಂದ್ರ, ಬಡಸಿದ್ದೇನು ಅಂತಾರ. ನಾ ತಾಟ ತಿರಗಸಿ ಇಡತೇನಿ, ಆಗ ತಿಂತಾರ."

ಕೆಳಗೆ ಇಳಿದವರೇ ಕಾಕಾನೆದುರು ನಿಂತು ಕೇಳಿದರು. ನನಗೆ ಮಾಳಿಗೆಯ ಮೇಲೂ ಕೇಳಿಸಿತು. "ನಿಮಗ ತಾಟ ಕಾಣೂದಿಲ್ಲ, ಘಾಟ ಹ್ಯಾಂಗ ಕಾಣತೈತ್ರಿ?"

ಮೀರಜಿನ ಕಣ್ಣಿನ ಡಾಕ್ಟರರ ಹತ್ತಿರ ಅವರನ್ನು ಕರೆದುಕೊಂಡು ಹೋದವನು ನಾನೇ. ಕಣ್ಣಿನ ಒತ್ತಡ ಏರಿ ಎಡಗಣ್ಣಿನ ನೋಟ ಬಹುಪಾಲು ಹೋಗಿದೆ, ಬಲಗಣ್ಣಿನ ಬದಿಯ ನೋಟವೂ ಕಡಿಮೆಯಾಗುತ್ತಿದೆ, ಹೋದದ್ದು ಬರುವುದಿಲ್ಲ, ಔಷಧ ಹಾಕುತ್ತಿದ್ದರೆ ಇದ್ದದ್ದು ಉಳಿಯಬಹುದು ಎಂದರು ಡಾಕ್ಟರು. ಗಾಡಿ ಇನ್ನು ಓಡಿಸಲೇ ಕೂಡದು ಎಂದೂ ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ ಕಾಕಾ ಟೊಪ್ಪಿಗೆಯ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದರು. ಕುಡಚಿಯ ಹತ್ತಿರ ಬಂದಾಗ ತಾವೇ ಹೇಳಿಕೊಂಡರು: "ದಡಿ ಸವದೈತಿ. ಒಡಲು ಇನ್ನೂ ಗಟ್ಟಿ ಐತಿ. ಇಂಥಾ ಸೀರಿ ಭಾಳ ದಿನಾ ಉಡಬೋದು."

ಆದರೂ ಮುಂದಿನ ಕೆಲವು ವಾರ ಅವರು ಗಾದಿಯ ಮೇಲೆ ಬರೀ ವ್ಯಾಪಾರದ ಮಾತಾಡಿದರು. ಗಾಡಿಗೆ ಚಾದರ ಹೊದಿಸಿದ್ದರು. ಕರೆಂಟು ಹೋದಾಗ ದಾವಲಮಾಮಾ ಬಂದು ಕೂತು, ಚಾದರದ ಮೂಲೆ ಸರಿಪಡಿಸಿ ಎದ್ದು ಹೋಗುತ್ತಿದ್ದರು. ನಮಗೆ ಮಾತಾಡಲು ಬೇರೆ ವಿಷಯವೇ ಇಲ್ಲವೆಂದು ಆಗ ಗೊತ್ತಾಯಿತು. ನಾನಾಗಿ ಸಮುದ್ರದ ಹೆಸರೆತ್ತಲು ಹೆದರುತ್ತಿದ್ದೆ. ಎತ್ತಿದರೆ ನೋವು, ಎತ್ತದಿದ್ದರೆ ಸತ್ತವರ ಮನೆಯ ಮೌನ.

ಆ ಮೌನವನ್ನು ಮುರಿದವರು ಕಾಕಾನೇ. ಬೇಸಿಗೆಯ ಒಂದು ಮಧ್ಯಾಹ್ನ ನಾವಿಬ್ಬರೂ ಇದ್ದಾಗ ಕಪಾಟಿನಿಂದ ಸೀರೆಯೊಂದನ್ನು ತೆಗೆದು ಗಾದಿಯ ಮೇಲೆ ಹಾಸಿದರು. ಈ ಸಲ ಹಸಿರು. ನೀಲಿ ಮುಗಿದಿತ್ತಂತೆ.

"ಪ್ಲ್ಯಾನ್ ಬದಲಿಲ್ಲ," ಎಂದರು. "ಕುಂದ್ರೂ ಜಾಗಾ ಅಷ್ಟ ಬದಲಿ. ದಾವಲ್ಯಾ, ನನ್ನ ಗಾಡಿ ನೀ ಹೊಡಿ. ನಾ ಹಿಂದ ಕುಂದರತೇನಿ. ಖರೆ ಹೇಳಬೇಕಂದ್ರ ಇದ ಛಲೋ ಆತು. ಹ್ಯಾಂಡಲ್ ಹಿಡದವಗ ತೆಗ್ಗು ನೋಡೂದ ಕೆಲಸ. ದಾರಿ ನೋಡಾಂವ ಹಿಂದ ಕುಂತಾಂವನ."

ದಾವಲಮಾಮಾ ಮುಖ ಅತ್ತ ತಿರುಗಿಸಿ ಮೂಗು ಒರೆಸಿಕೊಂಡರು. "ತಿಂಗಳ ಸಿಕ್ಕಿಲ್ಲಲ್ಲೋ ಇನ್ನೂ," ಎಂದರು.

"ಸಿಕ್ಕೈತಿ."

ಕಾಕಾ ಹುಡುಕಿದ್ದ ಹದಿಮೂರನೆಯ ತಿಂಗಳು ಎಂದರೆ ಪಿತೃಪಕ್ಷ! ದಶಲಕ್ಷಣ ಪರ್ವ ಮುಗಿದಿರುತ್ತದೆ. ಆ ಪಕ್ಷದಲ್ಲಿ ಊರಿನ ಯಾರೂ ಹೊಸ ಬಟ್ಟೆ ಕೊಳ್ಳುವುದಿಲ್ಲ, ಅಂಗಡಿ ಖಾಲಿ. ಕಬ್ಬಿನ ಕಾರ್ಖಾನೆ ಇನ್ನೂ ಶುರುವಾಗಿರುವುದಿಲ್ಲ, ರಸ್ತೆಯೂ ಖಾಲಿ. ಘಾಟಿನ ದೊಡ್ಡ ಮಳೆ ತಗ್ಗಿರುತ್ತದೆ, ಹಸಿರು ಉಳಿದಿರುತ್ತದೆ. "ಇಷ್ಟು ವರ್ಷ ಕಣ್ಣ ಮುಂದ ಇತ್ತು. ಕಣ್ಣ ಹ್ವಾದ ಮ್ಯಾಲ ಕಂಡೈತಿ ನೋಡ್ರಿ," ಎಂದು ತಾವೇ ಮೊದಲು ನಕ್ಕರು.

ಹೊರಡುವ ದಿನ ಇನ್ನೊಂದು ಬದಲಾವಣೆಯಾಯಿತು. ರಬಕವಿಯ ಮನೆಯ ಮುಂದೆ ನಾವು ಚೀಲ ಬಿಗಿಯುತ್ತಿದ್ದಾಗ ಚಂಪಾ ಕಾಕಿ ಹೊರಗೆ ಬಂದರು. ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಒಂದು ಕೈಯಲ್ಲಿ. ಇನ್ನೊಂದು ಕೈಯಲ್ಲಿ ಹೆಲ್ಮೆಟ್. ಅಳಿಯನದಂತೆ. ನೇರ ಬಂದು, ಸೆರಗನ್ನು ಸೊಂಟಕ್ಕೆ ಬಿಗಿದು, ನನ್ನ ಗಾಡಿಯ ಹಿಂದೆ ಕೂತರು.

ಕಾಕಾ ಕಣ್ಣು ಕಿರಿದು ಮಾಡಿ ನೋಡಿದರು. "ಯಾರು ಕುಂತಾರಲ್ಲಿ?"

"ನಾನ. ಚಟ್ನಿ ಎಡಕ್ಕಿಟ್ಟಾರೋ ಬಲಕ್ಕಿಟ್ಟಾರೋ ಅಲ್ಲಿ ಯಾರು ನೋಡಾವ್ರು?"

ಕಾಕಾ ಏನೋ ಹೇಳಲು ಬಾಯಿ ತೆರೆದರು. ದಾವಲಮಾಮಾ ಗಾಡಿಯ ಕಿಕ್ ಹೊಡೆದುಬಿಟ್ಟರು.

ಆಂಬೋಲಿ ಘಾಟಿನ ತಲೆಯಲ್ಲಿ ಮಂಜು ಕವಿದುಕೊಂಡಿತು. ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ನನಗೆ ಏನೂ ಕಾಣುತ್ತಿರಲಿಲ್ಲ. ಕಾಕಾ ಇಷ್ಟು ವರ್ಷ ಲೋಡು ತೂರಿಸಿ ಎತ್ತರ ಮಾಡಿದ ಘಾಟ, ಕಣಿವೆ, ಜಲಪಾತ ಎಲ್ಲ ಬಿಳಿಯ ಮುಸುಕಿನ ಹಿಂದೆ. ನೀರು ಬೀಳುವ ಸದ್ದು ಮಾತ್ರ. ಬದಿಗೆ ನಿಲ್ಲಿಸಿದೆವು. ಕಾಕಾನಿಗೆ ಎಷ್ಟು ನಿರಾಸೆಯಾಗಿರಬೇಕೆಂದು ನಾನು ಮರುಗುತ್ತಿದ್ದೆ. ಅವರು ಮಾತ್ರ ಮಂಜಿನಲ್ಲಿ ನಮ್ಮ ಮೂವರನ್ನೂ ಹುಡುಕುವವರಂತೆ ಕೈಯಾಡಿಸಿ, ಖುಷಿಯಿಂದ ಹೇಳಿದರು: "ಈಗ ನೋಡ್ರಿ, ಎಲ್ಲಾರೂ ನನ್ನ ಸಾಲಿನ್ಯಾಗ ಬಂದ್ರಿ!" ಕಾಕಿಯೂ ನಕ್ಕರು. ಅವರ ನಗು ನಾನು ಕೇಳಿದ್ದು ಅದೇ ಮೊದಲ ಸಲ.

ಘಾಟ ಇಳಿದ ಮೇಲೆ ಬಿಸಿಲು ಬಂತು. ವೆಂಗುರ್ಲಾದಿಂದ ಮುಂದೆ ದಾರಿ ಒಮ್ಮೆ ಸಮುದ್ರಕ್ಕೆ ಹತ್ತಿರ ಬಂದು, ಒಮ್ಮೆ ತೆಂಗಿನ ತೋಟಗಳಲ್ಲಿ ಅಡಗಿ, ಒಮ್ಮೆ ಸಮುದ್ರದ ನೀರು ಒಳನುಗ್ಗಿದ ಖಾಡಿಯ ಸೇತುವೆ ಏರಿ ಸಾಗುತ್ತದೆ. ದಾವಲಮಾಮಾನ ಹಿಂದೆ ಕೂತ ಕಾಕಾ ಇಡೀ ತಲೆಯನ್ನೇ ಎಡಕ್ಕೆ ಹೊರಳಿಸಿ, ಬಲಗಣ್ಣಿನಿಂದ ಸಮುದ್ರವನ್ನು ಹಿಡಿಯುತ್ತಿದ್ದರು. ಬಿಟ್ಟೂ ಬಿಡದೆ ಮಾತು. ತೆಂಗಿನ ಮರ ಬಂತು ಎನ್ನುವರು, ದೋಣಿ ಬಂತು ಎನ್ನುವರು, ಕಾಗೆಗೂ 'ಬಂತು' ಎನ್ನುವರು. "ಲೇ, ನನಗೂ ಕಣ್ಣದಾವ," ಎಂದು ದಾವಲಮಾಮಾ ಗೊಣಗಿದರೆ, "ನೀ ತೆಗ್ಗು ನೋಡು," ಎಂದು ಬಾಯಿ ಮುಚ್ಚಿಸುತ್ತಿದ್ದರು.

ಮಾಲವಣದ ಹೊರಗೆ ಮೀನುಗಾರರ ಒಂದು ಮನೆಯಲ್ಲಿ ವಸ್ತಿ. ಮನೆಯೊಡತಿ ವಯಸ್ಸಾದ ಹೆಂಗಸು. ಕಾಕಾ ತಮ್ಮ ಪೇಟೆಯ ಮರಾಠಿಯಲ್ಲಿ ಊಟದ ಕಷ್ಟಗಳನ್ನು ವಿವರಿಸಿದಾಗ ಆಕೆ ಅರ್ಧಕ್ಕೇ ಕೈಯೆತ್ತಿ, ಹಿತ್ತಲಲ್ಲಿ ಬೇರೆ ಒಲೆ ಹೂಡಿಕೊಟ್ಟಳು. ಕಾಕಿ ಅಕ್ಕಿ ಬೇಯಿಸಿದರು. ಕಾಕಾ ಹಿತ್ತಲಲ್ಲಿ ಅಡ್ಡಾಡುತ್ತಿದ್ದವರು ಒಣಗಲು ಹಾಕಿದ ಬಟ್ಟೆಗಳ ಹಗ್ಗಕ್ಕೆ ತಾಗಿ ನಿಂತರು. ಎಡಕ್ಕಿದ್ದ ಹಗ್ಗ ಕಂಡಿರಲಿಲ್ಲ. ಮುಖಕ್ಕೆ ಬಡಿದ ಒದ್ದೆ ಸೀರೆಯನ್ನು ಸರಿಸಲು ಹಿಡಿದವರು ಬಿಡಲೇ ಇಲ್ಲ. ದಡಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಉದ್ದಕ್ಕೂ ಸವರುತ್ತ ಹೋದರು. ಬಣ್ಣ ಮಾಸಿತ್ತು. ಅಲ್ಲಲ್ಲಿ ಹೊಲಿಗೆ ಬಿದ್ದಿತ್ತು.

"ದಾವಲ್ಯಾ, ಬಾ ಇಲ್ಲೆ. ಇದನ್ನ ಹಿಡದು ನೋಡು."

ದಾವಲಮಾಮಾ ಕೈ ಒರೆಸಿಕೊಂಡು ಹಿಡಿದು ನೋಡಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ನಮ್ಮ ಓಣಿದಲ್ಲೋ ಇದು!" ಎಂದರು ದಾವಲಮಾಮಾ.

ಕಾಕಾ ಮನೆಯೊಡತಿಯನ್ನು ಕೇಳಿದರು. ಸಾವಂತವಾಡಿಯ ಪೇಟೆಯಲ್ಲಿ ಮಗಳ ಮದುವೆಗೆಂದು ಕೊಂಡದ್ದಂತೆ, ಮಗಳಿಗೀಗ ಮಕ್ಕಳಾಗಿವೆಯಂತೆ, ಸಮುದ್ರದ ಉಪ್ಪು ಗಾಳಿಯಲ್ಲೂ ಇಷ್ಟು ವರ್ಷ ಬಾಳಿದೆಯಂತೆ. ಎಲ್ಲಿಯ ಮಾಲು ಎಂದು ಆಕೆಗೆ ಗೊತ್ತಿರಲಿಲ್ಲ. ನಮ್ಮೂರಿನದು ಎಂದು ಕಾಕಾ ಹೇಳಿದಾಗ ಆಕೆ ನಂಬದೆ ಕಾಕಿಯ ಮುಖ ನೋಡಿದಳು. ಕಾಕಿ ಎದ್ದು ಬಂದು ತಾವು ಉಟ್ಟ ಸೀರೆಯ ದಡಿಯನ್ನು ಆ ಹಳೆಯ ದಡಿಯ ಪಕ್ಕಕ್ಕೆ ಹಿಡಿದರು. ಒಂದೇ ನಮೂನೆ. ಆಕೆ ಬಾಯಿಗೆ ಕೈ ಹಚ್ಚಿಕೊಂಡಳು.

"ನೋಡ್ರಿ ಮಾಸ್ತರ," ಎಂದರು ಕಾಕಾ, ಸೀರೆಯನ್ನು ಕೈಯಿಂದ ಬಿಡದೆ. "ನನಗಿಂತ ಮೊದಲ ನನ್ನ ಸೀರಿ ಸಮುದ್ರ ನೋಡ್ಯಾವು."

ಆ ಸಂಜೆ ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಯಿತು. ದಾವಲಮಾಮಾ ಮನೆಯೊಡತಿಯ ಅಡಿಗೆಮನೆಯಲ್ಲಿ ತಮ್ಮ ಬಹುದಿನದ ಆಸೆ ತೀರಿಸಿಕೊಳ್ಳುತ್ತಿದ್ದರು. ನಾವು ಮೂವರೂ ಮರಳಿನ ಮೇಲೆ ಕೂತೆವು. ಕಾಕಾ ಆಯುಷ್ಯವೆಲ್ಲ ಸೂರ್ಯನ ಜೊತೆ ಓಡಿ ಉಂಡವರು. ಪೇಟೆಯ ಗದ್ದಲದಲ್ಲಿ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ, ಇನ್ನೇನು ಮುಳುಗಿತು ಎನ್ನುವಾಗ ಕೈ ತೊಳೆಯುತ್ತಿದ್ದ ಮನುಷ್ಯ.

"ದಿನಾ ಇವನ ಜೋಡಿ ಪೈಪೋಟಿ ನಂದು," ಎಂದರು ನೀರಿನ ಕಡೆ ಕೈ ಮಾಡಿ. "ಆದ್ರ ಮುಳಗೂದು ಮಾತ್ರ ಒಮ್ಮೆನೂ ನೋಡಿಲ್ಲ. ಇವತ್ತ ಸಾವಕಾಶ ನೋಡೂಣು."

ನೋಡಿದರು. ಕೊನೆಯ ಕೆಂಪು ಚೂರು ನೀರಿಗೆ ಇಳಿದ ಮೇಲೆಯೂ ಕೂತೇ ಇದ್ದರು. ಕಾಕಿ ಅವರ ಎಡಕ್ಕೆ ಕೂತಿದ್ದರು.

ಆ ಸವಾರಿಯಾದ ಮುಂದಿನ ವರ್ಷ ನನಗೆ ಬೀಳಗಿಗೆ ವರ್ಗವಾಯಿತು. ಮಾಳಿಗೆಯ ಕೋಣೆ ಖಾಲಿ ಮಾಡಿದೆ. ಕಾಕಾನ ಫೋನು ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ಬೀಳಗಿಯ ರಸ್ತೆ ಹೇಗಿದೆ, ಹೊಳೆಗೆ ನೀರು ಬಂತೇ, ಅನಗವಾಡಿಯ ಸೇತುವೆಯ ಮೇಲೆ ನಿಂತಿದ್ದಿರಾ ಎಂದು ಕೇಳುವರು. ನಾನು ಹೇಳಿದ್ದನ್ನೆಲ್ಲ ಪಕ್ಕದಲ್ಲಿದ್ದ ದಾವಲಮಾಮಾನಿಗೆ ಅಲ್ಲಿಂದಲೇ ಒಪ್ಪಿಸುತ್ತಿದ್ದರು. ಕಣ್ಣು ಇನ್ನಷ್ಟು ಮಂದವಾಗಿದೆ ಎಂದು ಕಾಕಿಯ ಬಾಯಿಂದ ಕೇಳಿದ್ದೆ. ಕಾಕಾನ ಬಾಯಿಂದ ಒಮ್ಮೆಯೂ ಕೇಳಲಿಲ್ಲ.

ಈ ಯುಗಾದಿಯ ಹಿಂದುಮುಂದು ದಾವಲಮಾಮಾ ಫೋನು ಮಾಡಿದರು. ಬೆಳಿಗ್ಗೆ ಬಸದಿಗೆ ಹೋಗಿ ಬಂದು, ಪಡಸಾಲೆಯಲ್ಲಿ ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಆಸ್ಪತ್ರೆಗೆ ಒಯ್ಯುವುದರೊಳಗೆ ಮುಗಿದಿತ್ತು. ನಾನು ರಬಕವಿ ಮುಟ್ಟಿದಾಗ ಎಲ್ಲ ಮುಗಿದು ಜನ ಹೊಳ್ಳಿ ಬರುತ್ತಿದ್ದರು.

ಕೆಲವು ದಿನ ಬಿಟ್ಟು ಮತ್ತೆ ಹೋದೆ. ಕಾಕಿ ಚಹಾ ಮಾಡಿಕೊಟ್ಟು ಎದುರಿಗೆ ಕೂತರು. ಕಾಕಾ ಇದ್ದಾಗ ಅವರ ಮಾತಿನ ಪಾಲನ್ನೂ ಕಾಕಾನೇ ಆಡುತ್ತಿದ್ದರು. ಈಗ ಅವರು ತಾವೇ ಮಾತು ಶುರು ಮಾಡಿದರು.

"ಅವರು ಹೋಗೂ ಹಿಂದಿನ ದಿನಾ ಉಣ್ಣೂವಾಗ ಮತ್ತ ಸವಾರಿ ಮಾತ ತಗದಿದ್ರು. ಈ ವರ್ಷ ಪಿತೃಪಕ್ಷಕ್ಕ ಎಲ್ಲಿಗಿ ಹೋಗೂಣು ಅಂದ್ರು. ನನಗೇನ ಕೇಳತೀರಿ, ಮಾಸ್ತರಗ ಕೇಳ್ರಿ, ದಾವಲಭಾವಗ ಕೇಳ್ರಿ ಅಂದೆ. ಇಲ್ಲ, ಈ ಸಲ ಊರ ನೀ ಹೇಳು ಅಂದ್ರು. ಲಗ್ನಾಗಿ ಇಷ್ಟ ವರ್ಷಾತು, ಎಲ್ಲಿಗಿ ಹೋಗೂಣು ಅಂತ ನನ್ನ ಯಾರೂ ಕೇಳಿರಲಿಲ್ರೀ."

"ನೀವು ಏನಂದಿರಿ ಕಾಕಿ?" ಎಂದು ಕೇಳಿದೆ.

ಕಾಕಿ ಖಾಲಿ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡರು. ಒಳಗೆ ಹೋಗಲು ಎದ್ದವರು ಬಾಗಿಲಲ್ಲಿ ನಿಂತು, ಸ್ವಲ್ಪ ನಾಚಿದವರಂತೆ ನಕ್ಕರು.

"ನಾಳೆ ಹೇಳತೇನಿ ಅಂದಿದ್ದೆ. ರಾತ್ರಿಯೆಲ್ಲಾ ವಿಚಾರ ಮಾಡಾಕತ್ತಿದ್ದೆ."